ಬಿಟ್ಟ ಪೊದೆ

ಹಿನಕಲ್ ಇನ್ನೂ ಮೈಸೂರಿಗೆ ಸೇರಿಹೋಗದೆ ಊರಾಗಿಯೇ ಇದ್ದ ಕಾಲದ ಮಾತು ಇದು. ಮೈಸೂರು ಅಂದರೆ ಆಗ ನಮಗೆ ಬಸ್ಸು ಹತ್ತಿ ಹೋಗಬೇಕಾದ ಜಾಗ. ನಮ್ಮ ಮನೆಯ ಹಿಂದೆ ರಾಗಿ ಹೊಲ, ಹೊಲ ಮುಗಿದಲ್ಲಿಂದ ಬೋರೆ. ಬೋರೆಯೆಂದರೆ ಕಲ್ಲುಮಣ್ಣಿನ ದಿಬ್ಬ. ಅದರ ತುಂಬ ಕಾರೆ ಮುಳ್ಳು, ಲಂಟಾನ, ಕತ್ತಾಳೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಅಲ್ಲಿಂದ ಒಣಹುಲ್ಲಿನ ವಾಸನೆ ಊರೊಳಕ್ಕೆ ಬರುತ್ತಿತ್ತು. ಆ ವಾಸನೆ ಬಂತೆಂದರೆ ನನಗೂ ತಾತನಿಗೂ ಕೆಲಸ ಶುರುವಾಯಿತು ಎಂದೇ ಅರ್ಥ.

ಕೆಲಸ ಏನೆಂದು ಹೇಳಿದರೆ ಈಗಿನ ನನ್ನ ಅಕ್ಕಪಕ್ಕದ ಮನೆಯವರು ಕೆನ್ನೆಗೆ ಕೈ ಹಚ್ಚುತ್ತಾರೆ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಊರ ಗಂಡಸರು ಕೋಲು, ಬಲೆ, ನಾಯಿಗಳ ಸಮೇತ ಬೋರೆಗೆ ಬೇಟೆಗೆ ಹೋಗುತ್ತಿದ್ದರು. ಅದೃಷ್ಟವಿದ್ದರೆ ಮೊಲ, ಇಲ್ಲದಿದ್ದರೆ ಗೌಜಲಕ್ಕಿ. ಆ ಹಕ್ಕಿ ಎಲ್ಲೆಲ್ಲಿದೆ, ಎಷ್ಟಿದೆ ಎಂದು ಮುಂಚೆಯೇ ಗುರುತು ಮಾಡಿಟ್ಟುಕೊಳ್ಳುವುದು ನಮ್ಮ ತಾತನ ಪಾಲಿನ ಕೆಲಸ. "ಅಯ್ಯೋ, ಪಾಪ ಅನ್ನಿಸ್ತಿರ್ಲಿಲ್ವಾ ನಿಮ್ಗೆ?" ಎಂದು ಕೇಳುತ್ತಾರೆ, ಭಾನುವಾರ ಬಂದರೆ ಮೂರು ಪ್ಲೇಟು ಕಬಾಬು ಮನೆಗೇ ತರಿಸಿಕೊಂಡು ತಿನ್ನುವವರು. ಬೇಟೆ ಕೂಡದೆಂದು ಕಾನೂನು ಆಗಲೇ ಹೇಳಿತ್ತು. ನಮ್ಮೂರಿನವರು ಕಿವಿಗೆ ಹಾಕಿಕೊಂಡಿರಲಿಲ್ಲ. ಅದು ಸರಿ ಎಂದು ನಾನು ವಾದಿಸುತ್ತಿಲ್ಲ. ಆದರೆ ಹಕ್ಕಿಯ ವಿಷಯದಲ್ಲಿ ನಮಗೊಂದು ಮರ್ಯಾದೆ ಇತ್ತು. ಅದು ಹೇಗೆ ಹೋಯಿತು, ಹೋದದ್ದರಲ್ಲಿ ನನ್ನ ಕೈವಾಡ ಎಷ್ಟು ಎನ್ನುವುದನ್ನು ಹೇಳಿಬಿಡಬೇಕು.

ತಾತನ ಹೆಸರು ಚಿಕ್ಕೇಗೌಡ, ನನ್ನ ಅಪ್ಪನ ಅಪ್ಪ. ಊರವರು ಅವನನ್ನು ನೋಟಗಾರ ಎನ್ನುತ್ತಿದ್ದರು. ನನಗೆ ಆಗ ಹನ್ನೊಂದು ವರ್ಷ. ಇನ್ನೂ ಬೆಳಕು ಹರಿಯುವ ಮುಂಚೆ ಅವ್ವ ರಾಗಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ, ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. ನಾವಿಬ್ಬರೂ ಕತ್ತಾಳೆ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಪೂರ್ವ ಬೆಳ್ಳಗಾಗುತ್ತಿದ್ದ ಹಾಗೆ ಒಂದು ಕಡೆಯಿಂದ "ಕಟೀಟರ್, ಕಟೀಟರ್" ಎಂದು ಗಂಡು ಕೂಗುತ್ತಿತ್ತು. ಹೆಣ್ಣು ಅದಕ್ಕೆ ಉತ್ತರ ಕೊಡುತ್ತಿತ್ತು. ಬಿಸಿಲು ಬಂದ ಮೇಲೆ ನೆಲ ನೋಡುವ ಕೆಲಸ. ಗೌಜಲಕ್ಕಿ ಸಣ್ಣ ಮಣ್ಣಿನಲ್ಲಿ ಹೊರಳಿ ಮೈ ತೊಳೆದುಕೊಳ್ಳುತ್ತದೆ. ಹೊರಳಿದ ಕಡೆ ಬೋಗುಣಿಯಷ್ಟು ಗುಳಿ ಬೀಳುತ್ತದೆ. ತಾತ ಆ ಗುಳಿಗೆ ಬೆರಳು ಆಡಿಸಿ, "ಇದು ನಿನ್ನೇದು. ಅಗೋ, ಅದು ಇವತ್ತಿಂದು" ಎನ್ನುತ್ತಿದ್ದ. ನನಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಗುಳಿಯಲ್ಲಿ ಉಳಿದ ಪಟ್ಟೆಪಟ್ಟೆಯ ಪುಕ್ಕವನ್ನು ಜಡೆಗೆ ಸಿಕ್ಕಿಸಿಕೊಳ್ಳುವುದರಲ್ಲೇ ನನ್ನ ಆಸಕ್ತಿ.

ಒಂದು ಗುಟ್ಟಿತ್ತು. ಎರಡು ವರ್ಷದಿಂದ ತಾತನಿಗೆ ಕಿವಿ ಮಂದವಾಗಿತ್ತು. ಎದುರಿಗೆ ನಿಂತು ಜೋರಾಗಿ ಹೇಳಿದರೆ ತುಟಿ ನೋಡಿ ಸಂಭಾಳಿಸುತ್ತಿದ್ದ. ಬೋರೆಯ ಹಕ್ಕಿಗೆ ತುಟಿ ಎಲ್ಲಿಂದ ಬರಬೇಕು? ಹಾಗಾಗಿ ನಾನೇ ಅವನ ಕಿವಿ. ಕೂಗು ಬಂದ ದಿಕ್ಕಿಗೆ ಅವನ ಅಂಗೈ ತಿರುಗಿಸಿ, ಎಷ್ಟು ಹಕ್ಕಿ ಕೂಗಿದವೋ ಅಷ್ಟು ಸಲ ಬೆರಳಿನಿಂದ ಒತ್ತುತ್ತಿದ್ದೆ. ಇದು ನನಗೆ, ತಾತನಿಗೆ, ಅವ್ವನಿಗೆ ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ಬೋರೆಯ ನಡುವೆ ಒಂದು ದೊಡ್ಡ ಕಾರೆ ಪೊದೆ. ಅಲ್ಲೊಂದು ಜೋಡಿ ದಿನವೂ ಕೂಗುತ್ತಿತ್ತು, ನಾನು ಎರಡು ಸಲ ಒತ್ತುತ್ತಿದ್ದೆ. ಯುಗಾದಿಗೆ ಇನ್ನು ಹತ್ತು ದಿನ ಇದೆ ಎನ್ನುವಾಗ ಗಂಡು ಕೂಗಿತು, ಉತ್ತರ ಬರಲಿಲ್ಲ. ಒಂದೇ ಸಲ ಒತ್ತಿದೆ. ತಾತ ನನ್ನ ಮುಖ ನೋಡಿದ. ಮಾರನೆಯ ಬೆಳಿಗ್ಗೆಯೂ ಒಂದೇ, ಅದರ ಮಾರನೆಯ ದಿನವೂ ಒಂದೇ.

"ಕೂತವ್ಳೆ" ಅಂದ ತಾತ. "ಮೊಟ್ಟೆ ಮ್ಯಾಲೆ ಕೂತವ್ಳೆ ಕಣವ್ವ. ಇನ್ಮ್ಯಾಕೆ ಆ ಕಡೆ ಹೆಜ್ಜೆ ಇಕ್ಬ್ಯಾಡ."

"ಒಸಿ ಇಣುಕಿ ನೋಡ್ಬುಟ್ಟು ಬಂದ್ಬುಡ್ತೀನಿ ತಾತ."

"ನೋಡೂದೂ ಇಲ್ಲ, ತೋರ್ಸೂದೂ ಇಲ್ಲ."

ಇದೇ ನಾನು ಹೇಳಿದ ಮರ್ಯಾದೆ. ಯುಗಾದಿಯ ದಿನ ಒಬ್ಬಟ್ಟಿನ ಊಟ ಮುಗಿಸಿ ಗಂಡಸರೆಲ್ಲ ಅರಳಿಕಟ್ಟೆಯ ಹತ್ತಿರ ಸೇರುತ್ತಿದ್ದರು. ನೋಟಗಾರ ಕೋಲಿನಿಂದ ನೆಲದ ಮೇಲೆ ಬೋರೆಯ ನಕ್ಷೆ ಗೀಚಿ, ಇಲ್ಲಿ ಬಲೆ ಕಟ್ಟಿ, ಇಲ್ಲಿ ಪೊದೆ ಬಡಿದು ಹಕ್ಕಿ ಎಬ್ಬಿಸಿ ಎಂದು ತೋರಿಸುತ್ತಿದ್ದ. ಗೂಡಿರುವ ಕಡೆ ಕೋಲನ್ನು ಊರಿ, "ಇದು ಬುಟ್ಟ ಪೊದೆ" ಎನ್ನುತ್ತಿದ್ದ. ಅಷ್ಟೇ. ಯಾಕೆ ಎಂದು ಯಾರೂ ಕೇಳುವಂತಿಲ್ಲ, ಹೋಗಿ ನೋಡುವಂತಿಲ್ಲ. ನಲವತ್ತು ಜನ ಗಂಡಸರು, ವರ್ಷವೆಲ್ಲ ಬದುವಿಗಾಗಿ, ಕೊಳಾಯಿ ನೀರಿಗಾಗಿ ಕಿತ್ತಾಡುವವರು, ಆ ಒಂದು ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಆ ವರ್ಷ ಕಾಂತಣ್ಣ ಬಂದ. ನಮ್ಮೂರಿನವನೇ, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹಗ್ಗ, ಬಲೆಗಳ ಅಂಗಡಿ ಇಟ್ಟು ಚೆನ್ನಾಗಿದ್ದ. ಬೇಟೆಗೆಂದು ಹೊಸ ನೈಲಾನ್ ಬಲೆ ತಂದಿದ್ದ. ಅದನ್ನು ಕಟ್ಟಲು ಅವನಿಗೆ ಆ ದೊಡ್ಡ ಕಾರೆ ಪೊದೆಯ ಪಕ್ಕವೇ ಬೇಕು. ತಾತ ಅಲ್ಲಿ ಕೋಲು ಊರಿದ್ದೇ ಅವನ ಮುಖ ಗಂಟಾಯಿತು. ತಾತನ ಕಿವಿಯ ಮೇಲೆ ಅವನಿಗೆ ಮೊದಲೇ ಅನುಮಾನವಿತ್ತೋ ಏನೋ, ಎದ್ದು ಬಂದು ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲೇ, "ದೊಡ್ಡಪ್ಪ, ನಿಮ್ ಪಂಚೆ ಬಿಚ್ಚೋಗದೆ" ಅಂದ.

ತಾತ ನೆಲ ನೋಡುತ್ತಲೇ ಕೂತಿದ್ದ. ಕಾಂತಣ್ಣ ಇನ್ನೊಂದು ಸಲ ಹೇಳಿದ. ತಾತ ಅಲುಗಾಡಲಿಲ್ಲ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಎಲ್ಲರೂ ನಗುತ್ತಿರುವುದನ್ನು ನೋಡಿ, ವಿಷಯ ತಿಳಿಯದ ತಾತನೂ ನಕ್ಕ.

"ನೋಡುದ್ರಾ?" ಅಂದ ಕಾಂತಣ್ಣ. "ಕಿವಿನೇ ಕೇಳಕ್ಕಿಲ್ಲ. ಇವ್ರು ಅಕ್ಕಿ ಕೂಗು ಕೇಳುದ್ರಂತೆ, ನಾವು ಪೊದೆ ಬುಡ್ಬೇಕಂತೆ!"

"ನಾನ್ ಕೇಳಿವ್ನಿ!" ಎಂದು ಕಿರುಚಿದೆ. ಹೆಣ್ಣುಮಕ್ಕಳು ಕಟ್ಟೆಯ ಹತ್ತಿರ ಬರುವ ಹಾಗೇ ಇರಲಿಲ್ಲ. ನಾನು ಬಂದೂ ಇದ್ದೆ, ಬಾಯಿಯನ್ನೂ ಬಿಟ್ಟೆ. "ಕೂತದೆ ಅಲ್ಲಿ. ನಾನೇ ಕೇಳಿವ್ನಿ."

"ಓಹೋ, ನೋಟಗಾರ್ತಿ ಬಂದ್ಲು ಕಣ್ರಪ್ಪ!" ಮತ್ತೆ ನಗು.

"ಸುಳ್ಳಾದ್ರೆ ಬನ್ನಿ, ತೋರುಸ್ತೀನಿ!"

ತಾತನಿಗೆ ನನ್ನ ತುಟಿ ಕಾಣಿಸಿತ್ತು. ಎದ್ದು ನನ್ನ ರಟ್ಟೆ ಹಿಡಿದು, "ಬ್ಯಾಡ ಕಣವ್ವ, ಬ್ಯಾಡ" ಅಂದ. ಬಿಡಿಸಿಕೊಂಡು ನಡೆದುಬಿಟ್ಟೆ. ಹಿಂದೆ ನಲವತ್ತು ಜನ, ಅವರ ಹಿಂದೆ ನಾಯಿಗಳು. ಕಾರೆ ಪೊದೆಯ ಬುಡಕ್ಕೆ ಹೋಗಿ ನಾನು ಕೊಂಬೆ ಎತ್ತಿದ ತಕ್ಷಣ ಹಕ್ಕಿ ಬುರ್ರೆಂದು ನನ್ನ ಮುಖಕ್ಕೇ ಹಾರಿ ಹೋಯಿತು. ಕೆಳಗೆ ಎಂಟು ಮೊಟ್ಟೆ, ಹಾಲಿಗೆ ಒಂದು ಹನಿ ಕಾಫಿ ಬಿದ್ದ ಬಣ್ಣದವು.

ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಹಿಂದಿದ್ದವರು ಮುಂದೆ ಬಂದು ನೋಡಿದರು. ಕಾಂತಣ್ಣ ಪೆಚ್ಚಾಗಿ, "ಪರವಾಗಿಲ್ಲ ಕಣಮ್ಮ, ಕಿವಿ ಅಂದ್ರೆ ಇದು" ಅಂದ. ನಾನು ಆಕಾಶಕ್ಕೆ ಮೂರೇ ಗೇಣು ಅನ್ನುವ ಹಾಗೆ ಮನೆಗೆ ಬಂದೆ, ಅವ್ವನನ್ನು ಕಾಡಿ ಇನ್ನೆರಡು ಒಬ್ಬಟ್ಟು ಹಾಕಿಸಿಕೊಂಡು, ಗಂಟಲ ತನಕ ತುಪ್ಪ ಸುರಿಸಿಕೊಂಡು ತಿಂದೆ. ತಾತ ಉಣ್ಣಲಿಲ್ಲ. ಕಾಂತಣ್ಣನ ಮೇಲಿನ ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡೆ.

ಹೊಸತೊಡಕಿನ ದಿನ ಆ ಪೊದೆಯನ್ನು ಯಾರೂ ಬಡಿಯಲಿಲ್ಲ. ಸುಳ್ಳು ಹೇಳಬಾರದು, ಕಾಂತಣ್ಣನೇ ಅಡ್ಡ ನಿಂತು ಜನರನ್ನು ಆಚೆ ಕಳಿಸಿದನಂತೆ. ಅದರ ಮಾರನೆಯ ಬೆಳಿಗ್ಗೆ ತಾತ ನನ್ನನ್ನು ಎಬ್ಬಿಸಿ ಬೋರೆಗೆ ಕರೆದುಕೊಂಡು ಹೋದ. ನಾವು ನಡೆದಿದ್ದ ಕಡೆ ಹುಲ್ಲು ಮಲಗಿ ಊರ ಬಾಗಿಲಿನಿಂದ ಗೂಡಿನ ತನಕ ಒಂದು ದಾರಿಯೇ ಬಿದ್ದಿತ್ತು. ಆ ದಾರಿ ಹಿಡಿದು ಊರ ನಾಯಿಗಳು ಬಂದು ಹೋಗಿದ್ದವು. ಗೂಡಿನಲ್ಲಿ ಚಿಪ್ಪು, ಲೋಳೆ, ಇರುವೆ. ಗಂಡು ಎಲ್ಲೋ ದೂರದಲ್ಲಿ ಕೂಗುತ್ತಿತ್ತು. ನಾನು ತಾತನ ಕೈ ಹಿಡಿದುಕೊಂಡು ಒತ್ತದೇ ನಿಂತೆ.

ಅಳುತ್ತಾ ಕಟ್ಟೆಗೆ ಓಡಿ ಹೋಗಿ ಹೇಳಿದೆ. ಅಲ್ಲಿದ್ದವರ ಉತ್ತರ ಒಂದೇ: "ನಾವ್ ಮುಟ್ನಿಲ್ವಲ್ಲ!" ನಲವತ್ತು ಜನರಲ್ಲಿ ಒಬ್ಬನಿಗಾದರೂ ತಾನು ಏನಾದರೂ ಮಾಡಿದೆ ಅನ್ನಿಸಲಿಲ್ಲ. ನೋಡಿದ್ದು ತಪ್ಪೇ, ನಂಬದೇ ಹೋದದ್ದು ತಪ್ಪೇ, ಕೇಳಿದವರೇ ಇಲ್ಲ. ಎಲ್ಲರ ಕೈಯೂ ಶುದ್ಧ. ಆ ಶುದ್ಧ ಕೈಗಳ ಮೇಲೆ ನನಗಿರುವಷ್ಟು ಸಿಟ್ಟು ಬಲೆ ಕಟ್ಟಿದ ಕೈಗಳ ಮೇಲೂ ಇಲ್ಲ.

ತಾತ ನನ್ನನ್ನು ಬೈಯಲಿಲ್ಲ. ಜಗುಲಿಯ ಮೇಲೆ ಕೂತು ಒಂದೇ ಮಾತು ಹೇಳಿದ. "ನಕ್ಕಿದ್ದು ನನ್ನ ನೋಡಿ ಕಣವ್ವ. ನಾನ್ ನುಂಗ್ಕೋತಿದ್ದೆ. ನಿಂಗ್ಯಾಕೆ ಬೇಕಿತ್ತು?"

ಮುಂದಿನ ಯುಗಾದಿಗೆ ತಾತ ಕಟ್ಟೆಗೆ ಹೋಗಲಿಲ್ಲ. ಕಾಂತಣ್ಣ ನಕ್ಷೆ ಗೀಚಿದ. ಗೂಡಿದ್ದರೆ ಎಲ್ಲಿದೆ ತೋರಿಸಿ, ನೋಡಿದ ಮೇಲೆ ಪೊದೆ ಬಿಡೋಣ ಎನ್ನುವುದು ಹೊಸ ಪದ್ಧತಿಯಾಯಿತು. ಬಿಟ್ಟ ಪೊದೆ ಎನ್ನುವ ಮಾತು ನಮ್ಮೂರಿನಲ್ಲಿ ಆಮೇಲೆ ಯಾರೂ ಆಡಲಿಲ್ಲ.

ಈಗ ಬೋರೆಯ ಮೇಲೆ ಮೂರು ಅಂತಸ್ತಿನ ಮನೆಗಳಿವೆ. ಜೆಸಿಬಿ ತರಿಸಿ ದಿಬ್ಬವನ್ನು ಚಪ್ಪಟೆ ಮಾಡಿಸಿದವರು ಪಾರ್ಕಿನ ಬೆಂಚಿನಲ್ಲಿ ಕೂತು, ಹಳ್ಳಿಯವರೇ ಹಕ್ಕಿಗಳನ್ನು ತಿಂದು ಮುಗಿಸಿದರು ಎಂದು ನನ್ನೆದುರೇ ಮಾತಾಡುತ್ತಾರೆ. ಬೇಟೆ ನಿಂತಿತು, ಒಳ್ಳೆಯದೇ ಆಯಿತು. ಆದರೆ ಒಬ್ಬ ಮುದುಕ ಕೋಲು ಊರಿ ಇಲ್ಲಿಗೆ ಬರಬೇಡಿ ಅಂದರೆ ನಿಲ್ಲುತ್ತಿದ್ದ ಜನ ಈಗ ಯಾವ ಬಡಾವಣೆಯಲ್ಲಿದ್ದಾರೆ? ಹುಡುಕಿಕೊಡಿ.

ಈ ವರ್ಷ ಶಿವರಾತ್ರಿ ಆದ ಮೇಲೆ ವಾಕಿಂಗ್ ಹೋದಾಗ, ಯಾರೂ ಮನೆ ಕಟ್ಟದ ಒಂದು ಖಾಲಿ ಸೈಟಿನ ಮುಳ್ಳಿನೊಳಗಿಂದ ಒಂದು ಜೋಡಿ ಗೌಜಲು ಕೂಗಿದವು. ಎರಡು ವಾರ ದಿನವೂ ಕೇಳಿದೆ. ಆಮೇಲೆ ಒಂದು ಬೆಳಿಗ್ಗೆ ಒಂದೇ ಕೂಗು. ಸಂತೋಷ ತಡೆಯಲಾರದೆ ವಾಕಿಂಗ್ ಗುಂಪಿನವರ ಮುಂದೆ, ನಮ್ಮ ಏರಿಯಾದಲ್ಲಿ ಗೌಜಲಕ್ಕಿ ಇದೆ ಎಂದುಬಿಟ್ಟೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ, ಮೊಳದುದ್ದದ ಲೆನ್ಸಿನ ಕ್ಯಾಮೆರಾ ಇಟ್ಟುಕೊಂಡವರು, ಹಕ್ಕಿಗಳೆಂದರೆ ನಿಜವಾಗಿಯೂ ಪ್ರೀತಿ.

"ಫೋಟೋ ಇದ್ಯಾ ಮೇಡಂ?"

"ನೋಡಿಲ್ಲ. ಕೇಳಿದ್ದು."

"ಕೇಳಿದ್ದೆಲ್ಲ ನಂಬೋಕಾಗಲ್ಲ ಮೇಡಂ. ಲೊಕೇಶನ್ ಕಳ್ಸಿ, ನಾಳೆ ಎಲ್ರೂ ಹೋಗಿ ನೋಡ್ಕೊಂಡು ಬಂದ್ಬಿಡೋಣ."

"ಯಾರದೋ ಮೊಬೈಲ್ ರಿಂಗ್‌ಟೋನ್ ಇರ್ಬೇಕು ಕಣ್ರೀ" ಅಂದರು ಪಕ್ಕದ ಬೀದಿಯಾಕೆ. ಎಲ್ಲರೂ ನಕ್ಕರು.

ಬನ್ನಿ, ತೋರಿಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ಇರಬಹುದು, ನಂದೇ ತಪ್ಪಿರಬೇಕು" ಎಂದು ನಾನೂ ನಕ್ಕು ಅವರ ಜೊತೆ ಕಾಫಿಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು, ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಯಾವ ಸೈಟು ಎಂದು ನೀವೂ ಕೇಳಬೇಡಿ.