ಅವ್ವ ಆರಿಸಿದ ಪಟ್ಟಿ

ಬೀಳಗಿ ಕಡೆಯ ಹೊಲಗಳಲ್ಲಿ ಕುರಿಗಳ ಹಿಂದೆ ನಡೆದು ನಡೆದು ಅವ್ವನ ಮೊಣಕಾಲು ಸವೆದಿದ್ದವು. ಬಲಗಾಲಿನ ಕೀಲು ಬದಲಿಸಿದ್ದು ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ. ಮನೆಗೆ ಕಳಿಸುವ ಮುಂಚೆ ಡಾಕ್ಟರು ಗಾಯಕ್ಕೆ ಹಚ್ಚುವ ಎರಡು ಬಗೆಯ ಅಂಟುಪಟ್ಟಿ ತೋರಿಸಿದರು. ಒಂದು ತೆಳ್ಳಗೆ, ಒಳಗಿನ ಹೊಲಿಗೆ ಕಾಣುವಂಥದ್ದು. ಇನ್ನೊಂದು ದಪ್ಪ, ಗಾಯದಿಂದ ಒಸರುವ ರಸಿಗೆಯನ್ನು ಹೀರಿಕೊಳ್ಳುವಂಥದ್ದು.

"ಗಾಯ ಒಣಗೇತ್ರಿ. ಯಾವುದಾದ್ರೂ ನಡೀತೈತಿ," ಎಂದರು.

ಅವ್ವ ತೆಳ್ಳನೆಯದನ್ನು ಮುಟ್ಟಿದಳು. "ಇದನ್ನ ಹಚ್ರಿ. ಕುರಿಗೆ ಗಾಯ ಆದ್ರ ದಿನಾ ನೋಡತಿದ್ನಿ. ನನ್ನದೂ ನನಗ ಕಾಣಲಿ."

ಮುಧೋಳದ ನಮ್ಮ ಮನೆಗೆ ಕರೆತಂದ ಕೆಲವೇ ದಿನಗಳಲ್ಲಿ ಹೊಲಿಗೆಯ ಕೆಳತುದಿ ಜಿನುಗತೊಡಗಿತು. ಪಟ್ಟಿಯಡಿ ನೀರು ತುಂಬಿ ನಿಂತಿತು. ಅಂದೇ ಆಸ್ಪತ್ರೆಗೆ ಓಡಿದೆವು. ಪಟ್ಟಿ ಕೀಳುವಾಗ ಅಂಟಿನ ಜೊತೆ ಅವಳ ತೊಗಲೂ ಎದ್ದು ಬಂತು. ದಪ್ಪನೆಯದನ್ನು ಹಚ್ಚಿದರು. ಅದರ ಅಂಚಿಗೂ ಬೊಬ್ಬೆ ಎದ್ದವು. ಕೊನೆಗೆ ಅಂಟೇ ಇಲ್ಲದ ಬಟ್ಟೆ ಇಟ್ಟು ಸುತ್ತಿದರು. ದಿನಾ ಬೆಳಿಗ್ಗೆ ಮನೆಯಲ್ಲಿ ನಾನು ಅದನ್ನು ಬಿಚ್ಚುವಾಗೆಲ್ಲ ಅವ್ವ ಮುಖ ಆಚೆ ತಿರುಗಿಸಿ ಕೇಳುತ್ತಿದ್ದಳು.

"ಒಣಗೇತೇನವಾ?"

"ನಿನ್ನೆಗಿಂತ ಕಡಿಮಿ ಐತಿಬೇ." ಒಮ್ಮೊಮ್ಮೆ ಅದು ಖರೆಯೂ ಆಗಿರುತ್ತಿತ್ತು.

ಜ್ವರ ಬಂದ ದಿನ ಡಾಕ್ಟರು ಗಾಯವನ್ನು ಒತ್ತಿ ನೋಡಿ ಕೈಗವಸು ಬಿಚ್ಚಿದರು. "ಇನ್ನ ಪಟ್ಟಿ ಬದಲು ಮಾಡಿ ಉಪಯೋಗಿಲ್ರಿ. ಕೀವು ಕೀಲಿನತನಕ ಹೋಗೇತಿ."

ಮತ್ತೆ ಕೊಯ್ದರು, ತೊಳೆದರು. ಆದರೂ ಕೀವು ನಿಲ್ಲಲಿಲ್ಲ. ಹಾಕಿದ್ದ ಕೀಲನ್ನೇ ತೆಗೆದು, ಎಲುಬಿಗೆ ಎಲುಬು ಕೂಡಿಸಿ ಕಾಲನ್ನು ನೆಟ್ಟಗೆ ಮಾಡಿಬಿಟ್ಟರು. ಈಗ ಗಾಯ ಮಾದಿದೆ, ಕಾಲು ಮಡಚುವುದಿಲ್ಲ.

"ನಾನಽ ತಪ್ಪು ಆರಿಸಿದ್ನಿ," ಎನ್ನುತ್ತಾಳೆ. ಪಟ್ಟಿಯಿಂದ ಹೀಗಾದದ್ದಲ್ಲ ಎಂದು ಡಾಕ್ಟರು ಎದುರಿಗೇ ಹೇಳಿದ್ದಾರೆ, ನಾನೂ ಹೇಳಿದ್ದೇನೆ. ಅವಳು ನಂಬುವುದಿಲ್ಲ. ಹಿಂಡು ಯಾವ ಊರಿನತ್ತ ಹೊರಡಬೇಕೆಂದು ಗಂಡಸರಿಗೇ ಹೇಳುತ್ತಿದ್ದವಳು ಇವಳು. ರೊಟ್ಟಿ ತಿನ್ನುತ್ತೀಯೋ ಅನ್ನವೋ ಎಂದು ನಿನ್ನೆ ಕೇಳಿದೆ. ಮಂಚದಿಂದ ಹೊರಚಾಚಿದ ಕಾಲನ್ನೇ ನೋಡುತ್ತ ಅಂದಳು:

"ನನ್ನ ಕೇಳಬ್ಯಾಡವಾ. ನೀನಽ ಏನಾರ ಕೊಡು."