ಗೂಟಕ್ಕೆ ಕಟ್ಟಿದ ಗೆರೆ

ಮೂರನೇ ಸಲವೂ ತೂತು ಜಾರುತ್ತದೆ. ನೂರಹತ್ತನ್ನು ಅಳಿಸಿ ತೊಂಬತ್ತಾರು ಎಂದು ಒತ್ತಿದ್ದೇ ತಡ, ಪರದೆಯ ಮೇಲಿನ ತಗಡಿನ ಚಿತ್ರ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ನಾಲ್ಕು ಬೋಲ್ಟ್ ತೂತುಗಳಲ್ಲಿ ಎರಡು ಅಂಚು ದಾಟಿ ಗಾಳಿಯಲ್ಲಿ ನಿಲ್ಲುತ್ತವೆ. ಯಶೋಧರಾ ಕಣ್ಣುಜ್ಜಿಕೊಂಡು ಎಲ್ಲವನ್ನೂ ಹಿಂದಿನಂತೆ ಮಾಡುತ್ತಾರೆ. ಮತ್ತೆ ಒತ್ತುತ್ತಾರೆ. ಮತ್ತೆ ಜಾರುತ್ತದೆ.

ಬೆಳಗಿನ ಐದೂಕಾಲು. ಅರಸೀಕೆರೆ ರೈಲು ನಿಲ್ದಾಣದ ಹಿಂಬದಿಯ ಈ ಶೆಡ್ಡಿನಲ್ಲಿ ತೆಂಗಿನಕಾಯಿ ಸುಲಿಯುವ ಯಂತ್ರಗಳು ತಯಾರಾಗುತ್ತವೆ. ಯಂತ್ರದ ಒಂದೊಂದು ತಗಡೂ ಮೊದಲು ಯಶೋಧರಾ ಅವರ ಕಂಪ್ಯೂಟರಿನಲ್ಲಿ ಗೆರೆಯಾಗಿ ಹುಟ್ಟಬೇಕು. ವೆಲ್ಡಿಂಗ್ ಶುರುವಾದರೆ ಕರೆಂಟು ಕುಸಿದು ಕಂಪ್ಯೂಟರ್ ಆರಿಹೋಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಯಿತು. ಹಾಗಾಗಿ ಕಷ್ಟದ ಕೆಲಸವಿದ್ದಾಗ ಅವರು ಕತ್ತಲಿರುವಾಗಲೇ ಬಂದು ಬೀಗ ತೆಗೆಯುತ್ತಾರೆ. ಈ ವಾರ ಇದು ನಾಲ್ಕನೇ ದಿನ.

ಜಾವಗಲ್ ಕಡೆಯ ಬೆಳೆಗಾರ ಜಯದೇವಪ್ಪನವರಿಗೆ ಆರು ಯಂತ್ರ ಬೇಕು. ಅವರ ತೋಟದಲ್ಲಿ ಈ ಸಲ ಕಾಯಿ ಸಣ್ಣದು. ಸಿಪ್ಪೆ ಕೀಳುವ ಎರಡು ರೋಲರುಗಳನ್ನು ಹದಿನಾಲ್ಕು ಮಿಲಿಮೀಟರ್ ಹತ್ತಿರ ತರಬೇಕು. ತಗಡು ಹೊತ್ತ ಗಾಡಿ ಎಂಟಕ್ಕೆ ಹಾಸನದ ಲೇಸರ್ ಕಟಿಂಗ್‌ಗೆ ಹೊರಡುತ್ತದೆ, ಅಷ್ಟರಲ್ಲಿ ಡ್ರಾಯಿಂಗುಗಳು ಸಿದ್ಧವಿರಬೇಕು. ಅಲ್ಲಿ ಸರದಿ ತಪ್ಪಿದರೆ ಇನ್ನೊಂದು ವಾರ ಕಾಯಬೇಕು.

ಮೂಲ ಚಿತ್ರ ಬರೆದವರು ಬೆಂಗಳೂರಿನ ಯಾರೋ. ಅಂಚು, ಇಪ್ಪತ್ತೆರಡು ತೂತು, ಮೂಲೆಯ ದುಂಡು, ಎಲ್ಲವನ್ನೂ ಒಂದೇ ಚಿತ್ರಕ್ಕೆ ತುರುಕಿದ್ದಾರೆ. ನೂರಕ್ಕೂ ಹೆಚ್ಚು ಅಳತೆಗಳಿವೆ. ಆದರೆ ಯಾವ ಗೆರೆಗೂ ಇನ್ನೊಂದರ ಸಂಬಂಧವಿಲ್ಲ.

“ನೋಡೋಕೆ ಚೆನ್ನಾಗೈತೆ. ಒಂದು ಅಳತೆ ಮುಟ್ಟಿ, ಮನೆಯೆಲ್ಲಾ ಉದುರ್ತದೆ,” ಎಂದು ತಮ್ಮಷ್ಟಕ್ಕೇ ಅನ್ನುತ್ತಾರೆ ಯಶೋಧರಾ. ತಿದ್ದುವ ಆಸೆ ಬಿಟ್ಟು, ಖಾಲಿ ಪರದೆ ತೆಗೆಯುತ್ತಾರೆ.

ಅವರ ಊರು ಹಗರೆ. ಅವ್ವ ಲಕ್ಕಮ್ಮ ಡೈರಿಗೆ ಹಾಲು ಹಾಕಿ ಮಗಳನ್ನು ಐಟಿಐಗೆ ಕಳಿಸಿದರು. ಯಂತ್ರಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೋರ್ಸ್ ಕಲಿತು ಈ ಶೆಡ್ಡಿಗೆ ಬಂದು ಹದಿಮೂರು ವರ್ಷ. ಒಳಗೆ ಬಂದವರು ಇಂದಿಗೂ ಅವರನ್ನು ಟೈಪಿಸ್ಟ್ ಎಂದುಕೊಂಡು ಜೆರಾಕ್ಸ್ ಕೇಳುತ್ತಾರೆ. ಬಲ ಮಣಿಕಟ್ಟಿಗೆ ಸದಾ ಪಟ್ಟಿ. ಕತ್ತು ಎಡಕ್ಕೆ ತಿರುಗುವುದಿಲ್ಲ; ಯಾರಾದರೂ ಆ ಕಡೆಯಿಂದ ಕರೆದರೆ ಕುರ್ಚಿಯನ್ನೇ ತಿರುಗಿಸುತ್ತಾರೆ.

ಪರದೆಯ ನಡುವೆ ಎರಡು ಅಕ್ಷಗಳು ಸೇರುವ ಒಂದು ಬಿಂದುವಿದೆ. ಪುಸ್ತಕದಲ್ಲಿ ಅದು ಒರಿಜಿನ್. ಈ ಶೆಡ್ಡಿನಲ್ಲಿ ಗೂಟ. ಹೆಸರಿಟ್ಟವರು ಯಶೋಧರಾ, ಈಗ ಫಿಟ್ಟರುಗಳೂ ಹಾಗೇ ಅನ್ನುತ್ತಾರೆ. ಎಳೆದ ಗೆರೆ ಮೊದಲು ನೀಲಿಯಾಗಿರುತ್ತದೆ, ಅಂದರೆ ಇನ್ನೂ ಬಿಡಾಡಿ. ಅದರ ಜಾಗ, ಉದ್ದ ಎಲ್ಲ ನಿಶ್ಚಯವಾದ ಮೇಲೆ ಕಪ್ಪಾಗುತ್ತದೆ.

“ಕರು ಕಟ್ಟದೆ ಹುಲ್ಲು ಹಾಕಿ ಏನ್ ಬಂತು? ತಿರುಗಿ ನೋಡೋಷ್ಟ್ರಲ್ಲಿ ಪಕ್ಕದ ಹೊಲದಾಗಿರ್ತದೆ,” ಎಂದು ಗೊಣಗುತ್ತಾರೆ ಯಶೋಧರಾ.

ಗೂಟದ ಮೇಲೆ ಹಾಯುವಂತೆ ಒಂದು ನಡುಗೆರೆ ಎಳೆಯುತ್ತಾರೆ. ತಗಡಿನ ಅರ್ಧವನ್ನಷ್ಟೇ ಬರೆದು, ಉಳಿದರ್ಧವನ್ನು ಕನ್ನಡಿಯಂತೆ ಮೂಡಿಸುತ್ತಾರೆ. ಅಳತೆಗೆ ಅವಸರವಿಲ್ಲ. ಈ ಗೆರೆ ಮಟ್ಟ, ಈ ಎರಡು ಸಮಾನಾಂತರ, ಈ ತೂತುಗಳೆಲ್ಲ ಒಂದೇ ಗಾತ್ರ ಎಂದು ಮೊದಲು ನಂಟು ಹೇಳುತ್ತಾರೆ. ಕೊನೆಗೆ ಐದೇ ಐದು ಅಳತೆ, ಪ್ರತಿಯೊಂದಕ್ಕೂ ಹೆಸರು. ತೂತುಗಳಿಗೆ ಬೇರೆ ಚಿತ್ರ. ಮೂಲೆಯ ದುಂಡು ಕೊನೆಗೆ, ಪರದೆಯ ಮೇಲಿನ ತಗಡಿಗೆ ದಪ್ಪ ಕೊಟ್ಟಮೇಲೆ. ನೀಲಿ ಒಂದೂ ಉಳಿಯಬಾರದು.

ಎಲ್ಲ ಕಪ್ಪಾದ ಮೇಲೂ ನಂಬುವುದಿಲ್ಲ. ತೊಂಬತ್ತಾರನ್ನು ಅರವತ್ತು ಮಾಡುತ್ತಾರೆ, ಇನ್ನೂರು ಮಾಡುತ್ತಾರೆ. ತಗಡು ಹಿಗ್ಗಿ ಕುಗ್ಗಿದರೂ ತೂತುಗಳು ತಮ್ಮ ಮೂಲೆ ಬಿಡುವುದಿಲ್ಲ. “ಹೆಣ್ಣು ನೋಡೋಕೆ ಬಂದೋರ ಥರ ಮುಖ ನೋಡಿ ಒಪ್ಕೊಂಡ್ರೆ ಆಗಲ್ಲ,” ಎಂದು ತಾವೇ ನಗುತ್ತಾರೆ. ನಗು ಆಕಳಿಕೆಯಲ್ಲಿ ಮುಗಿಯುತ್ತದೆ.

ಆರೂವರೆಗೆ ವೆಲ್ಡರ್ ಕರಿಯಯ್ಯ ಟೀ ಹಿಡಿದು ಬರುತ್ತಾರೆ. ಅವರ ಬಲಗೈ ಉಂಗುರಬೆರಳಿಗೆ ತುದಿಯಿಲ್ಲ.

“ಏನವ್ವಾ, ಇನ್ನೂ ಕಟ್ತಾ ಇದ್ದೀಯಾ? ನಿಮ್ಮವ್ವ ಇಷ್ಟೊತ್ಗೆ ಹಾಲ್ ಕರ್ದು ಡೈರಿಗೆ ಹಾಕಿ ಬಂದಿರೋರು.”

“ಅವ್ವಂಗೆ ಎರಡೇ ಹಸ, ಅಣ್ಣ. ನಂಗೆ ಒಂಬತ್ತು ತಗಡು.”

ಮೂರು ವರ್ಷದ ಹಿಂದೆ ರೋಲರುಗಳಿಗೆ ಕೈ ಸಿಗದಂತೆ ಮುಂದೆ ಕೂರಿಸುವ ಗಾರ್ಡಿನ ತೂತುಗಳನ್ನು ಯಶೋಧರಾ ಮೌಸಿನಲ್ಲಿ ಎಳೆದು, ಕಣ್ಣಂದಾಜಿನಲ್ಲಿ ಕೂರಿಸಿದ್ದರು. ಆಮೇಲೆ ಯಂತ್ರವನ್ನು ಇಪ್ಪತ್ತು ಮಿಲಿಮೀಟರ್ ಅಗಲ ಮಾಡಿದಾಗ ಉಳಿದದ್ದೆಲ್ಲ ಜೊತೆಗೆ ಜರುಗಿತು, ಆ ತೂತುಗಳು ಮಾತ್ರ ಇದ್ದಲ್ಲೇ ಉಳಿದವು. ಗಾರ್ಡ್ ಓರೆಯಾಗಿ ಕೂತು ಕೆಳಗೆ ಬೆರಳು ತೂರುವಷ್ಟು ಸಂದು ಬಿಟ್ಟಿತು. ಯಂತ್ರ ಓಡಿಸಿ ನೋಡಿದವರು ಕರಿಯಯ್ಯ.

“ನಂದು ಒಂಬತ್ ಮುಕ್ಕಾಲು ಬೆರಳು ಕಣ್ರೀ. ಅದಕ್ಕೂ ಒಂದ್ ಡ್ರಾಯಿಂಗ್ ತೆಗೆದಿಡು ಅಂತೀನಿ, ಈಯಮ್ಮ ನಗಲ್ಲ,” ಎಂದು ಶೆಡ್ಡಿಗೆ ಬಂದವರಿಗೆಲ್ಲ ಹೇಳುವ ಮಾತನ್ನೇ ಕರಿಯಯ್ಯ ಈಗಲೂ ಹೇಳುತ್ತಾರೆ. ಯಶೋಧರಾ ನಿಜಕ್ಕೂ ನಗುವುದಿಲ್ಲ. ಟೀ ಆರುತ್ತದೆ.

ಏಳೂಮುಕ್ಕಾಲಿಗೆ ಎಂಟು ತಗಡು ಮುಗಿದಿವೆ. ಉಳಿದಿರುವುದು ಗಾರ್ಡ್. ಹೊರಗೆ ಗಾಡಿಯ ಹಾರ್ನ್. ಮಾಲೀಕ ಶಿವಪ್ರಕಾಶ್ ಒಳಗೆ ಬಂದು, ಅವರ ಮುಖ ನೋಡಿ, ದನಿ ತಗ್ಗಿಸುತ್ತಾರೆ.

“ಅಲ್ಲಾ ರೀ, ಆ ಹಳೇ ಗಾರ್ಡನ್ನೇ ತಗೊಂಡು ನಾಕು ತೂತು ಎಳೆದು ಕೂರಿಸಿ ಕಳ್ಸಿ. ಹದಿನಾಲ್ಕು ಎಂ.ಎಂ. ತಾನೇ?”

“ಇವತ್ತು ಕೂರ್ತದೆ ಸಾರ್. ನಾಳೆ ಇನ್ನೊಬ್ಬರು ಕಾಯಿ ದಪ್ಪ ಅಂತ ಬಂದಾಗ ಇದೇ ಫೈಲ್ ತೆಗೀತೀವಲ್ಲ?”

“ಆಗಿಂದಾಗ ನೋಡ್ಕೊಳ್ಳೋಣ. ಗಾಡಿಯೋನು ಕಾಯಲ್ಲ, ಅಲ್ಲಿ ಸರದಿ ಹೋದ್ರೆ ಜಯದೇವಪ್ಪ ನನ್ನ ಬಿಡಲ್ಲ.”

“ಅರ್ಧ ಗಂಟೆ ಕೊಡಿ.”

ಶಿವಪ್ರಕಾಶ್ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರೆ. ಕೆಟ್ಟ ಮನುಷ್ಯರಲ್ಲ, ಅವರೂ ರಾತ್ರಿ ಸರಿಯಾಗಿ ಮಲಗಿದಂತಿಲ್ಲ.

“ಹಿಂಗ್ ಮಾಡೋಣ. ಡ್ರಾಯಿಂಗಿಗೆ ಸಹಿ ನಾನ್ ಹಾಕ್ತೀನಿ. ನಿಮ್ಮ ಹೆಸರೇ ಬೇಡ. ಏನಾದ್ರೂ ಆದ್ರೆ ಜವಾಬ್ದಾರಿ ನಂದು. ನೀವು ಈಗ್ಲೇ ಮನೆಗೆ ಹೋಗಿ, ಎರಡು ದಿನ ಮಲಗಿ. ಯಾರೂ ಫೋನ್ ಮಾಡಲ್ಲ.”

ಯಶೋಧರಾ ಕಣ್ಣು ಮುಚ್ಚುತ್ತಾರೆ. ಎಷ್ಟು ಹೊತ್ತು ಮುಚ್ಚುತ್ತಾರೆಂದರೆ, ಒಪ್ಪಿದರೇನೋ ಎಂದು ಶಿವಪ್ರಕಾಶ್ ಪೆನ್ನು ತೆಗೆಯುತ್ತಾರೆ.

“ಬೇಡ ಸಾರ್,” ಎನ್ನುತ್ತಾರೆ ಅವರು. “ಕಣ್ಣಂದಾಜಿನ ಗಾರ್ಡ್ ಇನ್ನೊಂದ್ಸಲ ಕೊಡಲ್ಲ.”