ಕೊನೆಯ ಬಕೆಟ್ಟಿಗೂ ಬಿಸಿನೀರು

ಅತ್ತೆಯ ಬಲ ಮೊಣಕೈ ಎಡದ್ದಕ್ಕಿಂತ ತುಸು ಕಪ್ಪು. ಚರ್ಮ ಒರಟಾಗಿ, ಹಳೆಯ ಕೈಚೀಲದ ಮೂಲೆಯ ಹಾಗೆ ಸುಕ್ಕುಗಟ್ಟಿತ್ತು. ಕಿರಂಗೂರಿನಲ್ಲಿ ಎಳೆಗೂಸಿಗೆ, ಬಾಣಂತಿಗೆ ನೀರು ಹಾಕಬೇಕೆಂದರೆ ಮೂವತ್ತು ವರ್ಷ ಅವಳನ್ನೇ ಕರೆಯುತ್ತಿದ್ದರು. ಹದ ನೋಡಲು ಅವಳು ಬೆರಳು ಅದ್ದುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ಅದ್ದಿ, ಒಂದು ಗಳಿಗೆ ಕಣ್ಣು ಮುಚ್ಚುವಳು. "ಬೆರಳು ಒಲೆ ಮುಂದೆ ಬೆಂದು ಬೆಂದು ಸುಳ್ಳೇಳ್ತದೆ ಕಣ್ಲಾ" ಎಂದು ನನಗೆ ಹೇಳುವಳು.

ಅವಳು ನನ್ನ ಅಪ್ಪನ ಅಕ್ಕ. ಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ನಾಡಹೆಂಚಿನ ದೊಡ್ಡ ಮನೆಯನ್ನು ನಾಲ್ಕು ಭಾಗ ಮಾಡಿ, ಒಂದರಲ್ಲಿ ತಾನಿದ್ದು ಮೂರನ್ನು ಬಾಡಿಗೆಗೆ ಕೊಟ್ಟಿದ್ದಳು. ಬಾಡಿಗೆಗೆ ಬಂದವರನ್ನು ಅವಳು ಎಂದೂ ಬಾಡಿಗೆಯವರು ಎಂದದ್ದು ನಾನು ಕೇಳಿಲ್ಲ. "ನಮ್ಮನೆಯೋರು" ಎನ್ನುವಳು. ಹಾಗೆಂದು ಸಲಿಗೆಯೇನೂ ಇರಲಿಲ್ಲ. ಅಂಗಳದಲ್ಲಿ ಬಟ್ಟೆ ಹಿಂಡಿದ ನೀರು ಚೆಲ್ಲಿದರೆ ಬೀದಿಗೆ ಕೇಳುವ ಹಾಗೆ ಬೈಯುವಳು.

ಹಿತ್ತಲಲ್ಲಿ ಎರಡು ಬಚ್ಚಲು, ನಡುವೆ ತಾಮ್ರದ ಹಂಡೆಯ ಒಲೆ. ಉರಿಗೆ ತೆಂಗಿನ ಮಟ್ಟೆ, ಗರಿ, ಸಿಕ್ಕಿದ ಸೌದೆ. ಹೊಗೆ ಹೆಂಚಿನ ಕೆಳಗೇ ಸುತ್ತಿ, ಒಂದು ಭಾಗದಲ್ಲಿ ಬಾಡಿಗೆಗಿದ್ದ, ಗಂಜಾಂನ ನಿಮಿಷಾಂಬ ಗುಡಿಯ ಮುಂದೆ ಹೂ ಮಾರುವ ಅಜ್ಜಿಯೊಬ್ಬಳು ಕೆಮ್ಮುತ್ತಾ ಗೋಡೆ ಹಿಡಿದು ಕೂರುತ್ತಿದ್ದಳು. ಮಳೆಗಾಲದಲ್ಲಿ ಹಸಿ ಸೌದೆ ಹತ್ತದೆ ಎಲ್ಲರಿಗೂ ತಡವಾಗುತ್ತಿತ್ತು. ಅದಕ್ಕೇ ಮನೆಮನೆಗೂ ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ಕಾಯಿಲು ಗುಟ್ಟಾಗಿ ಬಂದುಬಿಟ್ಟಿತು.

ಒಂದು ಜನವರಿಯ ಬೆಳಿಗ್ಗೆ ಮೂಲೆ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸು ಸ್ಟೀಲ್ ಬಕೆಟ್ಟಿಗೆ ಕಾಯಿಲು ಬಿಟ್ಟು, ಸ್ವಿಚ್ಚು ಆರಿಸದೆ ನೀರು ಮುಟ್ಟಿ ನೋಡಿದಳು. ಅವಳಿಗೆ ಆಗ ಏಳು ತಿಂಗಳು. ಗಂಡ ಟ್ರಾಕ್ಟರು ಓಡಿಸಲು ಹೋಗಿದ್ದ. ಧಡ್ ಎಂದು ಬಿದ್ದ ಸದ್ದಿಗೆ ಅತ್ತೆ ಓಡಿಬಂದು, ಮೊದಲು ಮೇನ್ ಸ್ವಿಚ್ಚು ಇಳಿಸಿ, ಆಮೇಲೆ ಅವಳನ್ನು ಎತ್ತಿ ಆಟೋದಲ್ಲಿ ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ನಾನು ಪಾಂಡವಪುರದಿಂದ ಹೋಗುವ ಹೊತ್ತಿಗೆ ಡಾಕ್ಟರು ಮಗುವಿನ ಎದೆಬಡಿತ ಸರಿಯಾಗಿದೆ ಎಂದಾಗಿತ್ತು. ಆದರೂ ಅತ್ತೆ ಬೆಂಚಿನಿಂದ ಏಳಲಿಲ್ಲ.

"ಅವಳ್ದೇ ತಪ್ಪಲ್ವಾ ಅತ್ತೆ? ಸ್ವಿಚ್ ಆರಿಸ್ಬೇಕಾಗಿತ್ತು" ಎಂದೆ.

ಅತ್ತೆ ನನ್ನನ್ನು ದಿಟ್ಟಿಸಿದಳು. "ಬಿಸ್ನೀರು ನೆಟ್ಟಗೆ ಕೊಟ್ಟಿದ್ರೆ ಅವ್ಳ್ಯಾಕ್ಲಾ ಅದ್ನ ತತ್ತಿದ್ಲು? ನನ್ನ ಸೂರಿನಡಿ ಆದ್ದು ನಂದೇ ತಪ್ಪು."

ಪಾಂಡವಪುರದಲ್ಲಿ ನನ್ನದು ಮೋಟಾರು ರಿಪೇರಿ ಅಂಗಡಿ. ಕರೆಂಟಿನ ವಿಷಯದಲ್ಲಿ ನನಗಿಂತ ಬಲ್ಲವರಿಲ್ಲ ಎಂಬ ಗತ್ತಿನಲ್ಲಿ, ನಾಲ್ಕು ಮನೆಗೂ ಒಂದೊಂದು ಗೀಸರ್ ಹಾಕಿಬಿಡೋಣ ಎಂದೆ.

"ನಾಲ್ಕೂ ಒಟ್ಗೇ ಹಾಕುದ್ರೆ ಈ ಹಳೇ ವೈರು ತಡೀತದಾ?"

ತಡೆಯುತ್ತಿರಲಿಲ್ಲ. ಸೋಲಾರ್ ಎಂದೆ. ಹೆಂಚಿನ ಮಾಡು ಅಷ್ಟು ಭಾರ ಹೊರುವುದಿಲ್ಲ, ಹಿತ್ತಲಿಗೆ ಪಕ್ಕದವರ ಹುಣಸೆಮರದ ನೆರಳು. ಗ್ಯಾಸ್ ಗೀಸರ್ ಎಂದೆ. "ಕಿಟಕಿ ಇಲ್ದಿರೋ ಬಚ್ಚಲಿಗೆ ಗ್ಯಾಸಾ? ಬುಡ್ಲಾ" ಎಂದು ಎದ್ದೇ ಹೋದಳು.

ಎರಡು ದಿನ ಕಳೆದು ಅವಳೇ ಫೋನ್ ಮಾಡಿದಳು. ಹಿಂದೆ ಒಂದು ಮದುವೆಗೆ ಹೋದಾಗ ಲಾಡ್ಜಿನ ಹಿಂಬದಿ ಫ್ಯಾನಿದ್ದ ಪೆಟ್ಟಿಗೆಯೊಂದನ್ನು ನೋಡಿದ್ದಳಂತೆ. ಅದರಿಂದ ಗಾಳಿ ತಣ್ಣಗೆ ಬರುತ್ತಿತ್ತಂತೆ, ನಲ್ಲಿಯಲ್ಲಿ ನೀರು ಮಾತ್ರ ಬಿಸಿ. "ಅದೇನ್ಲಾ ಅದು?"

"ಹೀಟ್ ಪಂಪು ಅತ್ತೆ. ಫ್ರಿಜ್ಜು ಒಳಗಿನ ಬಿಸಿ ತೆಗೆದು ಹಿಂದಕ್ಕೆ ಬಿಡಲ್ವಾ? ಇದು ಗಾಳೀಲಿರೋ ಬಿಸಿ ತೆಗೆದು ನೀರಿಗೆ ಬಿಡ್ತದೆ. ಗೀಸರ್ ತಿನ್ನೋ ಕರೆಂಟಲ್ಲಿ ಮೂರ್ನೇ ಒಂದು ಭಾಗ ಸಾಕು."

"ಅಂಗಾದ್ರೆ ನಡಿ, ನೋಡ್ಕಂಡ್ ಬರಾಣ."

ಲಾಡ್ಜಿನಲ್ಲಿ ಅವಳು ಮ್ಯಾನೇಜರನ ಹತ್ತಿರ ಹೋಗಲೇ ಇಲ್ಲ. ರೂಮು ಗುಡಿಸುವ ಹೆಂಗಸನ್ನು ಹುಡುಕಿ ಪಕ್ಕದಲ್ಲಿ ಕೂತಳು. "ಕೊನೇಲಿ ಮೀಯೋರ್ಗೆ ಬಿಸಿ ಸಿಕ್ತದೇನವ್ವ?"

"ಮದ್ವೆ ದಿನ ಎಲ್ರೂ ಒಟ್ಗೆ ನಿಂತ್ರೆ ಕೊನೇ ರೂಮ್ನೋರು ನಮ್ಗೆ ಬೈತಾರೆ ಕಣವ್ವ. ಖಾಲಿಯಾದ್ರೆ ತಿರ್ಗಾ ಕಾಯೋಕೆ ಬೋ ಹೊತ್ತು. ಮೊದ್ಲು ಬೋರ್ ನೀರು ಬುಟ್ಟಿದ್ರು, ಒಳಗೆಲ್ಲ ಸುಣ್ಣ ಕಟ್ಕಂಡ್ ಕೂತಿತ್ತು. ಈಗ ಬರೀ ನಲ್ಲಿ ನೀರು."

ಅಷ್ಟು ಹೊತ್ತಿಗೆ ಅತ್ತೆ ಎಲ್ಲ ತಿಳಿದುಕೊಂಡಿದ್ದಳು. ಮಾರನೆಯ ದಿನದಿಂದ ಒಂದು ವಾರ ಹಿತ್ತಲ ಜಗಲಿಯಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಮೀಯುತ್ತಾರೆ, ಎಷ್ಟು ಬಕೆಟ್ಟು ಎಂದು ಇದ್ದಿಲಿನಲ್ಲಿ ಗೋಡೆಗೆ ಗೀಟು ಹಾಕಿದಳು. ಹುಟ್ಟಲಿರುವ ಮಗುವಿಗೂ ಬಾಣಂತಿಗೂ ಸೇರಿಸಿ ಆರು ಗೀಟು ಹೆಚ್ಚಿಗೆ ಎಳೆದಳು.

ಮೈಸೂರಿನ ಅಂಗಡಿಯವನು ನಮ್ಮನ್ನು ನೋಡಿದವನೇ ಅತಿ ದೊಡ್ಡ ಮಿಷಿನ್ನು ತೋರಿಸಿದ. "ಬೆಳಿಗ್ಗೆ ಆನ್ ಮಾಡಿದ್ರೆ ಚಕಚಕನೆ ಕಾಯುತ್ತೆ ಅಮ್ಮ."

"ನಮ್ಮೂರಲ್ಲಿ ಬೆಳಗ್ಗೆ ಕರೆಂಟೇ ಇಲ್ದಿದ್ರೆ ನಿನ್ನ ದೊಡ್ ಮಿಷಿನ್ನು ಏನ್ ಮಾಡ್ತದಪ್ಪ?" ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ಮಿಷಿನ್ನು ಚಿಕ್ಕದೇ ಕೊಡು. ಟ್ಯಾಂಕು ದೊಡ್ದು ಕೊಡು. ಮದ್ಯಾನ ಗಾಳಿ ಬೆಚ್ಚಗಿರ್ತದೆ, ಆಗ ನಿಧಾನಕ್ಕೆ ಕಾಯ್ಲಿ. ಬೆಳಗಿನವರ್ಗೂ ಬಿಸಿ ನಿಲ್ತದಾ, ಅದೊಂದ್ ಹೇಳು. ಕೆಟ್ರೆ ಯಾರ್ ಬತ್ತಾರೆ, ಎಲ್ಲಿಂದ ಬತ್ತಾರೆ, ಅದ್ನೂ ಹೇಳು."

ಅವನು ನಗುವುದನ್ನು ಬಿಟ್ಟು ಕುರ್ಚಿ ಎಳೆದು ಕೂತ. ಕೊನೆಗೆ ಬರೆದುಕೊಂಡದ್ದೆಲ್ಲ ಅತ್ತೆ ಹೇಳಿದ್ದೇ. ಸಲಹೆ ಕೊಡಬೇಕಾಗಿದ್ದ ನಾನು ಬಾಗಿಲಲ್ಲಿ ಚಪ್ಪಲಿ ಕಾಯುವವನ ಹಾಗೆ ನಿಂತಿದ್ದೆ.

ಮಿಷಿನ್ನು ಬರುವ ಮೊದಲು ಅವಳು ನನ್ನಿಂದ ಇಡೀ ಮನೆಯ ವೈರಿಂಗ್ ಹೊಸದಾಗಿ ಮಾಡಿಸಿದಳು. ಹೊಸ ಅರ್ತಿಂಗ್ ಗುಂಡಿ ತೋಡಿಸಿ, ಶಾಕ್ ಹೊಡೆಯುವ ಮುಂಚೆ ಕರೆಂಟು ಕಡಿಯುವ ಬ್ರೇಕರು ಹಾಕಿಸಿದಳು. ಕೂರಿಸಲು ಬಂದವರು ಮಳೆಗೆ ನೆನೆಯದಿರಲಿ ಎಂದು ಸೌದೆ ಕೋಣೆ ತೋರಿಸಿದರು. ನಾನೂ ಹೌದೆಂದೆ. ಅತ್ತೆ ಒಪ್ಪಲಿಲ್ಲ. "ತಣ್ಗಾಳಿ ಆ ಕೋಣೇಲೇ ತುಂಬ್ಕಂಡ್ರೆ ಮಿಷಿನ್ನು ಬಿಸೀನ ಎಲ್ಲಿಂದ ತಗಂಡಾತು? ಬಯಲಲ್ಲಿಡಿ. ಮ್ಯಾಲೊಂದು ತಗಡು ಹಾಕಿ." ಕೂರಿಸುವವನು ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಏಳನೆಯ ಕ್ಲಾಸು ಓದಿದ ಹೆಂಗಸು ಹೇಳಿದ್ದೇ ಸರಿಯಾಗಿತ್ತು.

ಮೊದಲ ಬೆಳಿಗ್ಗೆ ನಾಲ್ಕು ಮನೆಯವರೂ ಮಿಂದರು. ಅತ್ತೆ ಬೇಕೆಂದೇ ಎಲ್ಲರಿಗಿಂತ ಹಿಂದೆ ನಿಂತಳು. ಒಳಗೆ ಹೋಗಿ ಬಹಳ ಹೊತ್ತಾದರೂ ಸದ್ದಿಲ್ಲ. ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಆಮೇಲೆ ಒಳಗಿನಿಂದಲೇ ಕೂಗಿದಳು: "ಲೇ, ಕೊನೇ ಬಕೆಟ್ಟೂ ಬಿಸಿ ಅದೆ ಕಣ್ಲಾ!" ಅಂಗಳದಲ್ಲಿದ್ದವರೆಲ್ಲ ನಕ್ಕರು. ಮೂಲೆ ಮನೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೂವಿನ ಅಜ್ಜಿ ಅಂದಿನಿಂದ ಮಧ್ಯಾಹ್ನದ ಹೊತ್ತು ತನ್ನ ಕುಕ್ಕೆಗಳನ್ನು ತಂದು ಆ ತಣ್ಣನೆಯ ಗಾಳಿಗೆ ಒಡ್ಡತೊಡಗಿದಳು. ಸಂಜೆಯವರೆಗೂ ಮಲ್ಲಿಗೆ ಬಾಡುತ್ತಿರಲಿಲ್ಲ.

ಮಾರ್ಚಿನಲ್ಲಿ ಮಗು ಹುಟ್ಟಿತು, ಹೆಣ್ಣು. ಅತ್ತೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನಲವತ್ತು ದಿನ ತಾನೇ ನೀರು ಹಾಕಿದಳು.

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಕಾಯಿಲೆ ಏನೂ ಇರಲಿಲ್ಲ. ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟದ್ದು ಆಮೇಲೆ ತಿಳಿಯಿತು. ಹನ್ನೊಂದನೆಯ ದಿನದ ಊಟ ಮುಗಿಯುತ್ತಲೇ ನಾಗಮಂಗಲದಿಂದ ಬಂದಿದ್ದ ನೆಂಟರು, ಹಳೇ ಮನೆ ಇಟ್ಟುಕೊಂಡು ಏನು ಮಾಡುತ್ತೀಯ, ಕೆಡವಿ ಸೈಟು ಮಾರು ಎಂದರು. ಅತ್ತೆ ಬದುಕಿದ್ದಾಗ ನಾನೇ ಅವಳಿಗೆ ಎಷ್ಟೋ ಸಲ ಹೇಳಿದ್ದ ಮಾತು ಅದು.

ಎಲೆ ಎತ್ತುತ್ತಿದ್ದ ಮೂಲೆ ಮನೆಯವಳು ಅದನ್ನು ಕೇಳಿಸಿಕೊಂಡಿರಬೇಕು. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಬಂದು ನನ್ನೆದುರು ನಿಂತಳು. "ಅಣ್ಣ, ನಾವು ಖಾಲಿ ಮಾಡ್ಬೇಕಾ?"

"ಯಾಕವ್ವ? ನಮ್ಮನೆಯೋರು ನೀವು" ಎಂದೆ.

ಆ ಮಾತು ಅಷ್ಟು ಸರಾಗವಾಗಿ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯ. ನಾನು ಹಾಗೆ ಮಾತಾಡುವವನಾಗಿರಲಿಲ್ಲ. ಅವಳು ಮಗುವನ್ನು ಕೆಳಗಿಳಿಸಿ ಮಿಕ್ಕ ಎಲೆಗಳನ್ನು ಎತ್ತಲು ಹೋದಳು. ನಾನು ಪಂಚೆ ಎತ್ತಿ ಕಟ್ಟಿಕೊಂಡು, ಹೂವಿನ ಅಜ್ಜಿಯ ಮಾಡಿನಲ್ಲಿ ಒಡೆದಿದ್ದ ಹೆಂಚುಗಳೆಷ್ಟು ಎಂದು ನೋಡಲು ಏಣಿ ಹಾಕಿದೆ.